ದುಡ್ಡು ಬರೋದು ಮಾರ್ಚ್‌ನಲ್ಲಿ, ಕರೆಂಟ್ ಹೋಗಿದ್ದು ಜುಲೈನಲ್ಲಿ

ಮಾನ್ಯ ಸಂಪಾದಕರೇ,

ನಮ್ಮ ಹೋಬಳಿಯ ಸಮುದಾಯ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯ, ಮೂರು ವರ್ಷ ಆಯ್ತು. ಸದಸ್ಯ ಅಂದ್ರೆ ದೊಡ್ಡ ಅಧಿಕಾರ ಏನಲ್ಲ ಬಿಡಿ, ಕರೆದಾಗ ಹೋಗಿ ಒಂದು ಲೋಟ ಟೀ ಕುಡ್ದು ನಡಾವಳಿ ಪುಸ್ತಕಕ್ಕೆ ಸೈನ್ ಹಾಕಿ ಬರೋದು. ಆಸ್ಪತ್ರೆ ಸಣ್ಣಪುಟ್ಟ ಖರ್ಚಿಗೆ ಸರ್ಕಾರ ಕೊಡೋ ದುಡ್ಡು ವರ್ಷದ ಕೊನೇಲಿ ಬಂದು ಆತುರದಲ್ಲಿ ಖರ್ಚಾಗುತ್ತಲ್ಲ, ಅದಕ್ಕೆ ನಾವು ಹಾಕೋ ಆ ಸೈನ್ ವಿಷಯಕ್ಕೇ ಈ ಪತ್ರ ಬರೀತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ, ಕತ್ತರಿ ಹಾಕೋದಾದ್ರೆ ಕೊನೇ ಭಾಗಕ್ಕೆ ಹಾಕ್ಬೇಡಿ.

ಹೋದ ವರ್ಷ ಮಾರ್ಚ್ 28ನೇ ತಾರೀಕು, ಸಂಜೆ ಆರು ಗಂಟೆ ಇರ್ಬೇಕು, ಆಸ್ಪತ್ರೆ ಗುಮಾಸ್ತರಿಂದ ಫೋನ್ ಬಂತು. ಸಾರ್ ಅರ್ಜೆಂಟಾಗಿ ಬನ್ನಿ, ಮೀಟಿಂಗ್ ಇದೆ, ಇವತ್ತು ಆಗ್ಲಿಲ್ಲ ಅಂದ್ರೆ ದುಡ್ಡು ಲ್ಯಾಪ್ಸ್ ಆಗುತ್ತೆ ಅಂತ. ಹೋದ್ರೆ ಮೀಟಿಂಗ್ ಆಗ್ಲೇ ಮುಗಿದಿತ್ತು, ಅಂದ್ರೆ ಪುಸ್ತಕದಲ್ಲಿ ಮುಗಿದಿತ್ತು. ಟೇಬಲ್ ಮೇಲೆ ಮೂರು ಅಂಗಡಿಯ ಮೂರು ಕೊಟೇಷನ್. ಲೆಟರ್‌ಹೆಡ್ ಬೇರೆ ಬೇರೆ, ರೇಟು ಬೇರೆ ಬೇರೆ, ಆದ್ರೆ ಮೂರರಲ್ಲೂ ಕುರ್ಚಿ ಅನ್ನೋ ಕಡೆ ಅರ್ಕಾವತ್ತಿನ ಜಾಗಕ್ಕೆ ಕನ್ನಡದ ಒಂಬತ್ತು ಅಂಕಿ ಟೈಪ್ ಮಾಡಿ 'ಕುಚಿ೯' ಅಂತ ಇತ್ತು. ಮೂರು ಅಂಗಡಿಯವರೂ ಒಂದೇ ತಪ್ಪು ಮಾಡ್ಬೇಕು ಅಂದ್ರೆ ಮೂವರೂ ಒಂದೇ ಮೇಷ್ಟ್ರ ಹತ್ರ ಕಲ್ತಿರ್ಬೇಕು. ನಾನು ಗುಮಾಸ್ತರ ಮುಖ ನೋಡ್ದೆ, ಅವರು ನನ್ನ ಮುಖ ನೋಡಿದ್ರು, ಪಾಪ ಮಧ್ಯಾಹ್ನ ಊಟ ಮಾಡಿರ್ಲಿಲ್ಲ ಅನ್ಸುತ್ತೆ. ಸೈನ್ ಹಾಕ್ದೆ. ಸುಳ್ಳು ಯಾಕೆ ಹೇಳ್ಲಿ, ಹಾಕ್ದೆ.

ನಲವತ್ತು ಪ್ಲಾಸ್ಟಿಕ್ ಕುರ್ಚಿ, ಕಿಟಕಿ ಪರದೆ, ಎರಡು ಫ್ಲೆಕ್ಸ್ ಫ್ರೇಮು, ಒಂದಷ್ಟು ಫಿನಾಯಿಲ್ ಬಂತು. ಬರದೇ ಇದ್ದಿದ್ದು ಲೇಬರ್ ರೂಮಿನ ಇನ್ವರ್ಟರ್ ಬ್ಯಾಟರಿ. ಅದು ಸತ್ತಿದ್ದು ಆ ಮಾರ್ಚ್‌ಗೂ ಮುಂಚಿನ ಜುಲೈನಲ್ಲಿ. ಮಳೆಗಾಲದಲ್ಲಿ ನಮ್ಮ ಕಡೆ ಲೈನ್ ಯಾವಾಗ ಹೋಗುತ್ತೆ ಯಾವಾಗ ಬರುತ್ತೆ ಲೈನ್‌ಮ್ಯಾನ್‌ಗೇ ಗೊತ್ತಿರಲ್ಲ, ಒಂದು ರಾತ್ರಿ ಹೆರಿಗೆ ನಡೀತಿರೋವಾಗ್ಲೇ ಕರೆಂಟ್ ಹೋಗಿ, ಆಯಾ ಒಬ್ರು ಮೊಬೈಲ್ ಟಾರ್ಚ್ ಎತ್ತಿ ಹಿಡ್ಕೊಂಡು ನಿಂತಿದ್ರಂತೆ, ಕೈ ನೋವಾಗಿ ಅಲುಗಾಡಿದ್ರೆ ಸಿಸ್ಟರ್ ಬೈತಿದ್ರಂತೆ, ಮಗು ಹುಟ್ಟಿದ ಮೇಲೆ ಬೆಚ್ಚಗಿಡೋ ವಾರ್ಮರ್‌ಗೂ ಕರೆಂಟ್ ಬೇಕಲ್ಲ, ಅದಿಲ್ದೆ ತಾಯಿ ಎದೆ ಮೇಲೇ ಮಲಗಿಸಿ ಎರಡು ಸೀರೆ ಸುತ್ತಿದ್ರಂತೆ. ಮಗು ಚೆನ್ನಾಗಿದೆ, ಈಗ ಓಡಾಡುತ್ತೆ. ಆ ಸಿಸ್ಟರ್ ಬ್ಯಾಟರಿ ಬೇಕು ಅಂತ ಮೂರು ಸಲ ಬರೆದು ಕೊಟ್ಟಿದ್ರು, ಮೂರೂ ಫೈಲ್‌ನಲ್ಲಿ ಇದೆ, ನಾನೇ ನೋಡಿದ್ದೀನಿ.

ಜುಲೈನಲ್ಲೇ ಯಾಕೆ ತರಲಿಲ್ಲ ಅಂತ ಕೇಳಿದ್ರೆ, ಜುಲೈನಲ್ಲಿ ದುಡ್ಡಿರ್ಲಿಲ್ಲ. ದುಡ್ಡು ಬಂದಿದ್ದು ಮಾರ್ಚ್ ಎರಡನೇ ವಾರ. ಹಾಗಾದ್ರೆ ಮಾರ್ಚ್‌ನಲ್ಲಿ ಯಾಕೆ ತರಲಿಲ್ಲ? ಆ ಸೈಜಿನ ಬ್ಯಾಟರಿ ಸ್ಟಾಕ್ ಇಲ್ಲ, ಬರೋಕೆ ಹತ್ತು ಹದಿನೈದು ದಿನ ಬೇಕು ಅಂದ್ರಂತೆ ಅಂಗಡಿಯವರು, ಬಿಲ್ಲು 31ರೊಳಗೆ ಬೇಕು. ಕುರ್ಚಿ ಆದ್ರೆ ಅವತ್ತೇ ಆಟೋದಲ್ಲಿ ಬರುತ್ತೆ. ಹಲ್ಲಿದ್ದಾಗ ಕಡಲೆ ಇಲ್ಲ ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ನಮ್ಮ ಆಸ್ಪತ್ರೆಯಲ್ಲಿ ಎರಡೂ ಇದೆ, ಆದ್ರೆ ಹದಿನೈದೇ ದಿನದಲ್ಲಿ ಕಡಲೆ ತಿಂದು ಮುಗಿಸಿ ಸಿಪ್ಪೆ ಲೆಕ್ಕ ಕೊಡ್ಬೇಕು.

ಓದೋರಿಗೆ ಇದು ಯಾವ ದುಡ್ಡು ಅಂತ ಗೊತ್ತಾಗ್ಲಿ ಅಂತ ಸ್ವಲ್ಪ ಹೇಳ್ತೀನಿ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಒಂದು ಒಳ್ಳೇ ಕೆಲ್ಸ ಮಾಡಿದ್ರು, ಪ್ರತಿ ಆಸ್ಪತ್ರೆಗೂ ಸ್ವಲ್ಪ ದುಡ್ಡು ಯಾವ ಬಾಬ್ತಿಗೂ ಕಟ್ಟಿಹಾಕದೆ ಕೊಟ್ರು, ಇದನ್ನೇ ಅನ್‌ಟೈಡ್ ಫಂಡ್ ಅನ್ನೋದು. ನಲ್ಲಿ ಸೋರಿದ್ರೆ, ಬಲ್ಬ್ ಹೋದ್ರೆ, ಗತಿ ಇಲ್ಲದ ರೋಗೀನ ಬಾಡಿಗೆ ಗಾಡೀಲಿ ಜಿಲ್ಲಾಸ್ಪತ್ರೆಗೆ ಕಳಿಸ್ಬೇಕಾದ್ರೆ ಬೆಂಗಳೂರಿನ ಆದೇಶಕ್ಕೆ ಕಾಯೋದು ಬೇಡ, ಊರಿನ ಸಮಿತಿ ಕೂತು ತೀರ್ಮಾನ ಮಾಡ್ಲಿ ಅಂತ. ಬೇರೆ ರಾಜ್ಯಗಳಲ್ಲಿ ರೋಗಿ ಕಲ್ಯಾಣ ಸಮಿತಿ ಅಂತಾರೆ, ನಮ್ಮಲ್ಲಿ ಆರೋಗ್ಯ ರಕ್ಷಾ ಸಮಿತಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವರ್ಷಕ್ಕೆ 1.75 ಲಕ್ಷದವರೆಗೆ, ಸಮುದಾಯ ಆರೋಗ್ಯ ಕೇಂದ್ರಕ್ಕೆ 5 ಲಕ್ಷದವರೆಗೆ, ಊರಿನ ಆರೋಗ್ಯ ನೈರ್ಮಲ್ಯ ಸಮಿತಿಗೆ 10,000. ಸಮುದಾಯ ಕೇಂದ್ರ ಅಂದ್ರೆ ಬಯಲು ಸೀಮೆಯಲ್ಲಿ 1,20,000 ಜನಕ್ಕೆ ಒಂದು, ಗುಡ್ಡಗಾಡಿನಲ್ಲಿ 80,000ಕ್ಕೆ ಒಂದು, ಮೂವತ್ತು ಬೆಡ್ಡು. ಬಯಲು ಸೀಮೆ ಲೆಕ್ಕ ಹಿಡಿದ್ರೆ ತಲೆಗೆ ವರ್ಷಕ್ಕೆ ನಾಲ್ಕು ರೂಪಾಯಿ ಚಿಲ್ಲರೆ ಬೀಳುತ್ತೆ. ಆ ನಾಲ್ಕು ರೂಪಾಯೀನೂ ಬೇಕಾದಾಗ ಕೈಗೆ ಸಿಗಲ್ಲ ಅನ್ನೋದೇ ನನ್ನ ತಕರಾರು, ಜಾಸ್ತಿ ಕೊಡಿ ಅಂತಲೂ ನಾನು ಕೇಳ್ತಿಲ್ಲ.

ಯಾಕೆ ತಡ ಆಗುತ್ತೆ ಅಂತ ನಾನು ತಿಳ್ಕೊಂಡಷ್ಟು ಹೇಳ್ತೀನಿ. ಈ ಅಭಿಯಾನದ ದುಡ್ಡಲ್ಲಿ ಕೇಂದ್ರ 60, ರಾಜ್ಯ 40. 2021ರ ಜುಲೈನಿಂದ ಎಲ್ಲಾ ಒಂದೇ ನೋಡಲ್ ಅಕೌಂಟಿನ ಮೂಲಕ, ಅಂದ್ರೆ ಇಡೀ ರಾಜ್ಯಕ್ಕೆ ಒಂದೇ ಮುಖ್ಯ ಖಾತೆ, ಸರ್ಕಾರಿ ದುಡ್ಡಿನ ಲೆಕ್ಕ ಇಡೋ ಪಿಎಫ್‌ಎಂಎಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ. ಮೊದ್ಲೆಲ್ಲ ಆಸ್ಪತ್ರೆ ಖಾತೆಯಲ್ಲಿ ನಾಲ್ಕು ಕಾಸು ಇರ್ತಿತ್ತು, ಈಗ ನಮ್ಮ ಖಾತೆ ಸೊನ್ನೆ ಬ್ಯಾಲೆನ್ಸ್, ಮೇಲಿಂದ ಲಿಮಿಟ್ ಕೊಟ್ರೆ ಅಷ್ಟು ಡ್ರಾ ಮಾಡ್ಬಹುದು ಅಷ್ಟೇ. 2021ರ ಆ ನಿಯಮದ ಪ್ರಕಾರ ಕೇಂದ್ರ ಒಂದು ಸಲಕ್ಕೆ ಶೇ 25ಕ್ಕಿಂತ ಜಾಸ್ತಿ ಬಿಡಲ್ಲ, ಬಿಟ್ಟಿದ್ರಲ್ಲಿ ಶೇ 75 ಖರ್ಚಾಗದೆ ಮುಂದಿನ ಕಂತಿಲ್ಲ. ರಾಜ್ಯ ತನ್ನ ಖಜಾನೆಗೆ ಬಂದ ಕೇಂದ್ರದ ಪಾಲನ್ನ 30 ದಿನದೊಳಗೆ ನೋಡಲ್ ಅಕೌಂಟಿಗೆ ಹಾಕ್ಬೇಕು, ತಡ ಮಾಡಿದ್ರೆ 2023ರ ಏಪ್ರಿಲ್‌ನಿಂದ ವರ್ಷಕ್ಕೆ ಶೇ 7 ಬಡ್ಡಿ. ಕಾಗದದ ಮೇಲೆ ತಪ್ಪೇನಿಲ್ಲ, ಮುಂಚೆ ದುಡ್ಡು ಬ್ಯಾಂಕಲ್ಲಿ ಕೊಳೀತಿತ್ತು, ಅದು ನಿಂತಿದೆ, ಒಪ್ತೀನಿ. ಆದ್ರೆ ಗಮನಿಸಿ, ರಾಜ್ಯ ತಡ ಮಾಡಿದ್ರೆ ಬಡ್ಡಿ ಹಾಕೋಕೆ ಕೇಂದ್ರ ಇದೆ, ಹೋಬಳಿ ಆಸ್ಪತ್ರೆಗೆ ಲಿಮಿಟ್ ತಡವಾಗಿ ಬಂದ್ರೆ ಬಡ್ಡಿ ಕಟ್ಟೋರು ಯಾರು? ಟಾರ್ಚ್ ಹಿಡ್ಕೊಂಡು ನಿಂತ ಆಯಾನೇ ಕಟ್ಟಿದ್ದು.

ಇದರ ಮೇಲೆ ಇನ್ನೊಂದು ಗಂಟು. ಹೋದ ವರ್ಷ ಎಷ್ಟು ಖರ್ಚು ಮಾಡಿದ್ರಿ, ರೋಗಿಗಳು ಎಷ್ಟು ಬಂದ್ರು ನೋಡಿ ಈ ವರ್ಷ ಎಷ್ಟು ಅಂತ ತೀರ್ಮಾನ ಮಾಡ್ತಾರೆ. ಅಂದ್ರೆ ಮಾರ್ಚ್‌ನಲ್ಲಿ ಬಂದ ದುಡ್ಡನ್ನ ಬುದ್ಧಿ ಉಪಯೋಗಿಸಿ ಬ್ಯಾಟರಿಗೆ ಅಂತ ಇಟ್ಕೊಂಡ್ರೆ ಖರ್ಚು ಮಾಡದ ಆಸ್ಪತ್ರೆ ಅನ್ನೋ ಹಣೆಪಟ್ಟಿ, ಮುಂದಿನ ಸಲ ಕಡಿತ. ಸುಮ್ನೆ ಕುರ್ಚಿ ತಂದು ಒಟ್ಟಿದ್ರೆ ಶೇ 100 ಸಾಧನೆ, ಜಿಲ್ಲಾ ಮೀಟಿಂಗ್‌ನಲ್ಲಿ ಹಸಿರು ಬಣ್ಣ. ಗಾಳಿ ಬಂದಾಗ ತೂರಿಕೊಳ್ಳೋದು ರೈತನಿಗೆ ಜಾಣತನ, ಇಲ್ಲಿ ಗಾಳಿ ಬಂತು ಅಂತ ಕಾಳೂ ಹೊಟ್ಟೂ ಸೇರಿಸಿ ತೂರ್ತಿದ್ದಾರೆ.

ತಮಾಷೆ ಏನಂದ್ರೆ ಇದನ್ನ ಮಾಡ್ಬೇಡಿ ಅಂತ ಕೇಂದ್ರದ ಪುಸ್ತಕದಲ್ಲೇ ಇದೆ. ಸಾಮಾನ್ಯ ಹಣಕಾಸು ನಿಯಮ 2017, ನಿಯಮ 62ರಲ್ಲಿ ವರ್ಷದ ಕೊನೇ ತಿಂಗಳುಗಳಲ್ಲಿ ನುಗ್ಗಿ ಖರ್ಚು ಮಾಡೋದನ್ನ ಹಣಕಾಸಿನ ಔಚಿತ್ಯದ ಉಲ್ಲಂಘನೆ ಅಂತ ಹೇಳಿದ್ದಾರೆ. ಕೇಂದ್ರದ ಇಲಾಖೆಗಳಿಗೆ ಕೊನೇ ಮೂರು ತಿಂಗಳಲ್ಲಿ ಶೇ 33, ಮಾರ್ಚ್ ಒಂದೇ ತಿಂಗಳಲ್ಲಿ ಶೇ 15 ಅಂತ ಮಿತಿ ಹಾಕ್ಕೊಂಡಿದ್ದಾರೆ. ದೆಹಲಿಯಲ್ಲಿ ಮಾರ್ಚ್‌ಗೆ ಶೇ 15, ನಮ್ಮ ಹೋಬಳಿಯಲ್ಲಿ ಹೋದ ವರ್ಷ ಮಾರ್ಚ್‌ಗೆ ಹತ್ರ ಹತ್ರ ಎಲ್ಲಾನೂ. ಗುಮಾಸ್ತರಿಗೆ ಹೇಳಿದ್ರೆ ನಕ್ಕರು, ಸಾರ್ ಆ ನಿಯಮ ದುಡ್ಡಿರೋರಿಗೆ ಅಂದ್ರು.

ಸಿಬ್ಬಂದಿ ಮೇಲೆ ನನಗೆ ಕೋಪ ಇಲ್ಲ, ಯಾರೂ ಜೇಬಿಗೆ ಹಾಕ್ಕೊಂಡಿಲ್ಲ, ಕುರ್ಚಿ ಲೆಕ್ಕಕ್ಕೆ ಸರಿಯಾಗೇ ಇದೆ, ಎಣಿಸಿದ್ದೀನಿ. ವರ್ಷದ ಮಧ್ಯೆ ಆಡಳಿತ ವೈದ್ಯಾಧಿಕಾರಿ ವರ್ಗ ಆದ್ರು, ಹೊಸಬರ ಡಿಜಿಟಲ್ ಸಹಿ ರಿಜಿಸ್ಟರ್ ಆಗೋಕೆ ಎರಡು ತಿಂಗಳಾಯ್ತು, ಅಲ್ಲೀತನಕ ಒಂದು ರೂಪಾಯಿ ಬಿಲ್ಲೂ ಪಾಸಾಗಲ್ಲ. ಆ ಸಹಿ ಒಂದು ಪೆನ್‌ಡ್ರೈವ್ ಥರದ ವಸ್ತುವಿನಲ್ಲಿ ಇರುತ್ತೆ, ಅದನ್ನ ಗುಮಾಸ್ತರು ಬೀಗದ ಕೈ ಗೊಂಚಲಿಗೆ ಕಟ್ಟಿ ಸೊಂಟಕ್ಕೆ ಸಿಗಿಸ್ಕೊಂಡು ಓಡಾಡ್ತಾರೆ, ಮಾರ್ಚ್ 30ರ ರಾತ್ರಿ ಹನ್ನೊಂದಕ್ಕೆ ಸರ್ವರ್ ತಿರುಗ್ತಾ ತಿರುಗ್ತಾ ಇರೋವಾಗ ಆ ಮನುಷ್ಯ ದೇವರಿಗೆ ಹರಕೆ ಹೊತ್ತಿದ್ದನ್ನ ಕಣ್ಣಾರೆ ಕಂಡಿದ್ದೀನಿ. ಡಾಕ್ಟ್ರುಗಳ ಕಥೆ ಇನ್ನೊಂದು. ಸಮುದಾಯ ಕೇಂದ್ರದಲ್ಲಿ ಸರ್ಜನ್, ಫಿಜಿಷಿಯನ್, ಹೆರಿಗೆ ಡಾಕ್ಟ್ರು, ಮಕ್ಕಳ ಡಾಕ್ಟ್ರು ಇರ್ಬೇಕು, ಕೇಂದ್ರ ಸರ್ಕಾರದ್ದೇ 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶದ ಪ್ರಕಾರ ದೇಶದಲ್ಲಿ ಬೇಕಾದ ಈ ತಜ್ಞರಲ್ಲಿ ಶೇ 79.5 ಕೊರತೆ. ಇರೋ ಒಬ್ರು ಇಬ್ರು ಹೊರರೋಗಿ ನೋಡೋದಾ, ಕೊಟೇಷನ್ ನೋಡೋದಾ.

ಸರ್ಕಾರದ ಆರೋಗ್ಯ ಕಾರ್ಯಕ್ರಮ, ನಿಯಮ ಬದಲಾಗಿದ್ದನ್ನ ನಮಗೆ ತಿಳ್ಸೋ ರೀತಿ ಬಗ್ಗೆಯೂ ಒಂದು ಮಾತು. ಸುತ್ತೋಲೆ ಎಲ್ಲಾ ವಾಟ್ಸಾಪ್‌ನಲ್ಲಿ ಬರುತ್ತೆ, ಮೊಬೈಲ್‌ನಲ್ಲಿ ಓರೆಯಾಗಿ ಫೋಟೋ ತೆಗೆದ ಪಿಡಿಎಫ್, ಇಂಗ್ಲಿಷಲ್ಲಿ, ರಾತ್ರಿ ಒಂಬತ್ತಕ್ಕೆ, ಕೆಳಗೆ ನಾಳೆ ಹನ್ನೊಂದರೊಳಗೆ ಮಾಹಿತಿ ಕೊಡಿ ಅಂತ. ಗುಂಪಲ್ಲಿ ಎಲ್ರೂ ನೋಟೆಡ್ ಸಾರ್ ನೋಟೆಡ್ ಸಾರ್ ಅಂತಾರೆ, ಓದಿದೋರು ಎಷ್ಟು ಜನ ದೇವರಿಗೇ ಗೊತ್ತು, ಸಮಿತಿ ಸದಸ್ಯರಿಗಂತೂ ಅದೂ ಬರಲ್ಲ. 2023ರ ಕೊನೆಯಲ್ಲಿ ಹೆಲ್ತ್ ಅಂಡ್ ವೆಲ್‌ನೆಸ್ ಸೆಂಟರ್ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಆಯ್ತಲ್ಲ, ಆಗ ನಮ್ಮ ಪಕ್ಕದ ಉಪಕೇಂದ್ರದ ಗೋಡೆಗೆ ಬಣ್ಣ ಮಾತ್ರ ಹೇಳಿದ ಟೈಮಿಗೆ ಬಂತು, ಬೋರ್ಡು ಫಳಫಳ, ಒಳಗೆ ಬಿಪಿ ನೋಡೋ ಮಷಿನ್ನಿನ ಪಟ್ಟಿ ಹರಿದು ಪ್ಲಾಸ್ಟರ್ ಸುತ್ತಿತ್ತು. 15ನೇ ಹಣಕಾಸು ಆಯೋಗ 2021-22ರಿಂದ 2025-26ರವರೆಗೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆ ಅಂತ 70,051 ಕೋಟಿ ಶಿಫಾರಸು ಮಾಡಿತ್ತು, ಸ್ವಂತ ಕಟ್ಟಡ ಇಲ್ಲದ ಉಪಕೇಂದ್ರಗಳಿಗೆ ಕಟ್ಟಡವೂ ಅದರಲ್ಲಿ ಸೇರಿತ್ತು. ನಮ್ಮ ಪಂಚಾಯ್ತಿ ಸದಸ್ಯರಲ್ಲಿ ಇಬ್ರನ್ನ ಕೇಳ್ದೆ, ಇಬ್ರಿಗೂ ಗೊತ್ತಿರ್ಲಿಲ್ಲ, ಒಬ್ರು ಅದು ನರೇಗಾದ್ದಾ ಅಂದ್ರು. ಆ ಐದು ವರ್ಷದ ಅವಧಿಗೂ ಕೊನೇ ದಿನ ಅಂದ್ರೆ ಒಂದು ಮಾರ್ಚ್ 31ನೇ.

ಆರೋಗ್ಯ ಇಲಾಖೆಯವರು ಈ ಪತ್ರ ಓದಿದ್ರೆ ನಾನು ಕೇಳೋದು ಇಷ್ಟು. ಲಸಿಕೆ ವೇಳಾಪಟ್ಟಿ ಗೋಡೆಗೆ ಬರೆಸ್ತೀರಲ್ಲ, ಅದರ ಪಕ್ಕ ಒಂದು ಕರಿಹಲಗೆ ಹಾಕಿ, ಈ ವರ್ಷ ಎಷ್ಟು ಮಂಜೂರು, ಲಿಮಿಟ್ ಯಾವ ತಾರೀಕು ಬಂತು, ಎಷ್ಟು ಖರ್ಚಾಯ್ತು, ಕೊನೇ ದಿನ ಯಾವುದು, ಸೀಮೆಸುಣ್ಣದಲ್ಲಿ ಬರೀರಿ, ಸಾಕು. ದುಡ್ಡು ಬಂದ ತಾರೀಕು ಗೋಡೆ ಮೇಲಿದ್ರೆ ತಡ ಯಾರದ್ದು ಅಂತ ಊರಿಗೇ ಗೊತ್ತಾಗುತ್ತೆ, ಬೈಗುಳ ಗುಮಾಸ್ತರಿಗೆ ಬೀಳಲ್ಲ. ಸಮಿತಿ ಮೀಟಿಂಗ್ ಏಪ್ರಿಲ್‌ನಲ್ಲೇ ಕರೆದು, ಏನು ಬೇಕು ಅನ್ನೋ ಪಟ್ಟೀನ ಸಿಸ್ಟರ್, ಆಯಾ, ಲ್ಯಾಬ್‌ನೋರ ಹತ್ರ ಬರೆಸಿ ಇಟ್ಕೊಳ್ಳಿ, ದುಡ್ಡು ಮಾರ್ಚ್‌ನಲ್ಲೇ ಬಂದ್ರೂ ಪಟ್ಟಿಯಲ್ಲಿ ಮೊದಲು ಇದ್ದಿದ್ದನ್ನೇ ತರ್ಬೇಕು ಅಂತ ನಿಯಮ ಮಾಡಿ, ಬ್ಯಾಟರಿ ಅಂಗಡಿಯವರಿಗೂ ಮುಂಚೇನೇ ಹೇಳಿಡಬಹುದು. ಜನವರಿ ಆದ್ಮೇಲೆ ಬಂದ ದುಡ್ಡಿಗೆ ಜೂನ್ ತನಕ ಟೈಮ್ ಕೊಡಿ, ಇಲ್ಲಾಂದ್ರೆ ಅರ್ಧಾನಾದ್ರೂ ಮಳೆಗಾಲಕ್ಕೆ ಮುಂಚೆ ಬಿಡಿ. ಸುತ್ತೋಲೆ ಕನ್ನಡದಲ್ಲಿ ಇರ್ಲಿ, ಒಂದೇ ಪುಟ ಆದ್ರೂ ಸರಿ.

ಇದನ್ನ ಬರೀತಿರೋದು ಮಾರ್ಚ್ 27ರ ರಾತ್ರಿ. ಈಗ ಅರ್ಧ ಗಂಟೆ ಹಿಂದೆ ಗುಮಾಸ್ತರ ಫೋನ್ ಬಂದಿತ್ತು, ನಾಳೆ ಸಂಜೆ ಬರ್ಬೇಕಂತೆ, ರೆಸಲ್ಯೂಷನ್ ರೆಡಿ ಇದೆಯಂತೆ. ಪಟ್ಟಿಯಲ್ಲಿ ಬ್ಯಾಟರಿ ಇದೆಯಾ ಅಂತ ಕೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು, ನೋಡಿ ಹೇಳ್ತೀನಿ ಸಾರ್ ಅಂದ್ರು.

ಇಂತಿ,
ಆರೋಗ್ಯ ರಕ್ಷಾ ಸಮಿತಿಯ ಒಬ್ಬ ಸದಸ್ಯ