ಹೆದ್ದಾರಿಯ ಆ ಲಾರಿ ಅಣ್ಣನಿಗೆ

ಅಣ್ಣಾ, ಗಾಬರಿಯಲ್ಲಿ ನಿಮ್ಮ ಹೆಸರು ಕೇಳಲೂ ತೋಚಲಿಲ್ಲ. ಚಿತ್ರದುರ್ಗ ದಾಟಿ ದಾವಣಗೆರೆ ಕಡೆಗೆ ಬರುವಾಗ, ಹೆದ್ದಾರಿ 48ರ ಪಕ್ಕ ಮಕ್ಕಳನ್ನು ಅಪ್ಪಿಕೊಂಡು ನಿಂತಿದ್ದವಳು ನಾನೇ.

ಜೀಪಿನ ಹಿಂದೆ ಕಟ್ಟಿಕೊಂಡಿದ್ದ, ಮನೆಯಂಥ ಆ ದೊಡ್ಡ ಟ್ರೇಲರ್ ನಮಗೆ ಹೊಸದು. ಗುಡ್ಡದ ಮೇಲೆ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿದ್ದವು. ಅಡ್ಡಗಾಳಿಗೆ ಟ್ರೇಲರ್ ಎಡಕ್ಕೂ ಬಲಕ್ಕೂ ಓಲಾಡಿ ನಮ್ಮ ಜೀಪನ್ನೇ ಎಳೆದಾಡಿತು. ನೀವು ಲಾರಿ ನಿಲ್ಲಿಸಿ ಇಳಿದು ಬಂದಿರಿ. ಒಂದು ಮಾತೂ ಬೈಯದೆ ಬಾಗಿಲು ತೆಗೆಸಿದಿರಿ. ಹಿಂಭಾಗದಲ್ಲಿ 100 ಲೀಟರ್ ನೀರಿನ ಡ್ರಮ್ಮು, ಅಕ್ಕಿ ಮೂಟೆ, ಪಾತ್ರೆ ಪೆಟ್ಟಿಗೆ.

‘ಎತ್ತಿನ ಗಾಡಿಗೆ ಹಿಂದೆ ಭಾರ ಹೇರಿದ್ರೆ ಮೂಕಿ ಮೇಲೇಳಲ್ವೇನಮ್ಮ? ಇದೂ ಹಂಗೇ’ ಅಂದಿರಿ.

ಆ ನೀರೊಂದೇ 100 ಕೆಜಿ. ಅದನ್ನು ರಸ್ತೆಬದಿಯ ಬೇವಿನ ಗಿಡಕ್ಕೆ ಸುರಿಸಿದಿರಿ. ಮೂಟೆಯನ್ನು ನೀವೇ ಹೆಗಲಿಗೇರಿಸಿ ಚಕ್ರಗಳಿಂದ ಮುಂದಕ್ಕೆ ಇಟ್ಟಿರಿ. ಅಂಗಿಗೆಲ್ಲ ಅಕ್ಕಿ ಧೂಳು. ಟ್ರೇಲರ್ ತೂಕದಲ್ಲಿ ಶೇಕಡಾ 10ರಿಂದ 15ರಷ್ಟು, ಅದನ್ನು ಜೀಪಿಗೆ ಸಿಕ್ಕಿಸುವ ಕೊಂಡಿಯ ಮೇಲೆ ಬೀಳಬೇಕಂತೆ, ಆಮೇಲೆ ಓದಿದೆವು. ನೀವು ಬಗ್ಗಿ ನೋಡಿಯೇ ಹೇಳಿದ್ದಿರಿ.

ಚಹಾಕ್ಕೂ ನಿಲ್ಲಲಿಲ್ಲ, ಮೆಕ್ಕೆಜೋಳ ಇಳಿಸಬೇಕು ಅಂದಿರಿ. ಆದರೂ ದಾವಣಗೆರೆ ತನಕ ನಿಧಾನವಾಗಿ ನಮ್ಮ ಮುಂದೆಯೇ ಹೋದಿರಿ. ಟ್ರೇಲರ್ ಮತ್ತೆ ಓಲಾಡಲಿಲ್ಲ. ಚಿಕ್ಕವಳು ನಿದ್ದೆಹೋದಳು.

ಇದು ನಿಮ್ಮ ಕಣ್ಣಿಗೆ ಬಿದ್ದರೆ ಮನೆಗೆ ಬನ್ನಿ ಅಣ್ಣಾ. ಬೆಣ್ಣೆ ದೋಸೆ ನಾನೇ ಹುಯ್ದು ಕೊಡುತ್ತೇನೆ.