ಬರೀ ಪದಕ ಹಾಕಿದರೆ ಸಾಲದು

ಸಂಪಾದಕರೇ,

ಉದ್ದ ಜಿಗಿತ ಅಂದರೆ ನಮ್ಮ ಪತ್ರಿಕೆಗಳು ಗೆದ್ದವರ ಹೆಸರು, ದೂರ ಹಾಕಿ ಕೈತೊಳೆದುಕೊಳ್ಳುತ್ತವೆ. ಜರ್ಮನಿಯ ಮಲೈಕಾ ಮಿಹಾಂಬೊ ಅಂಥವರಿಗೆ ಇದು ಅನ್ಯಾಯ.

2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಕೆ 7.30 ಮೀಟರ್ ಹಾರಿ ಚಿನ್ನ ಗೆದ್ದರು. ಎರಡನೆಯವರಿಗಿಂತ 38 ಸೆಂ.ಮೀ. ಮುಂದೆ! ಆದರೆ ನನಗೆ ಇಷ್ಟವಾಗುವುದು 2021ರ ಟೋಕಿಯೊ ಒಲಿಂಪಿಕ್ಸ್ ಫೈನಲ್. ಆರರಲ್ಲಿ ಐದು ಜಿಗಿತ ಮುಗಿದಾಗ ಆಕೆಯದು 6.95, ಮೂರನೇ ಸ್ಥಾನ. ಮುಂದಿದ್ದ ಬ್ರಿಟ್ನಿ ರೀಸ್, ಎಸೆ ಬ್ರೂಮೆ ಇಬ್ಬರದೂ 6.97. ಕೊನೆಯ ಜಿಗಿತದಲ್ಲಿ ಸರಿಯಾಗಿ 7 ಮೀಟರ್. ಅಷ್ಟಕ್ಕೇ ಮುಗಿಯಲಿಲ್ಲ, ಅವರಿಬ್ಬರೂ ಜಿಗಿಯುವ ತನಕ ಸುಮ್ನೆ ಕೂತು ಕಾಯಬೇಕಿತ್ತು. ಅದೇ ಕಷ್ಟದ ಕೆಲಸ ಅಲ್ವಾ?

2022ರಲ್ಲಿ ಅಮೆರಿಕದ ಯೂಜೀನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೊದಲೆರಡು ಜಿಗಿತವೂ ಫೌಲ್. ಜಿಗಿಯಲು ಕಾಲೂರುವ ಹಲಗೆಯ ಅಗಲ 20 ಸೆಂ.ಮೀ. ಅಷ್ಟೇ. ಪೂರ್ತಿ ವೇಗದಲ್ಲಿ ಓಡಿ ಬಂದು ಅದರ ಮುಂದಿನ ಅಂಚು ದಾಟದಂತೆ ಕಾಲಿಡಬೇಕು, ದಾಟಿದರೆ ಫೌಲ್. ಮೂರನೆಯದೂ ಫೌಲ್ ಆಗಿದ್ದರೆ ಉಳಿದ ಮೂರು ಜಿಗಿತ ಸಿಗದೆ ಮನೆಗೆ. ಆಕೆ 6.98 ಹಾರಿ ಉಳಿದುಕೊಂಡರು, ಕೊನೆಗೆ 7.12ಕ್ಕೆ ಚಿನ್ನ. ಎರಡು ಫೌಲ್ ಆದ ಮೇಲೆ ನನ್ನ ಮಕ್ಕಳ ಕಾಲು ನಡುಗುವುದನ್ನು ಪಿ.ಟಿ. ಮೇಷ್ಟ್ರಾಗಿ ಬೇಕಾದಷ್ಟು ನೋಡಿದ್ದೇನೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಮುಂಚೆ ಕೋವಿಡ್ ಬಂದಿತ್ತು. ಆದರೂ 6.98ಕ್ಕೆ ಬೆಳ್ಳಿ. ಫೈನಲ್ ಮುಗಿದಾಗ ಉಸಿರಾಡಲು ಕಷ್ಟವಾಗಿ ಗಾಲಿಕುರ್ಚಿಯಲ್ಲಿ ಹೊರಗೆ ಹೋದರು.

ಮುಂದಿನ ಸಲ ಆರೂ ಜಿಗಿತಗಳ ಅಳತೆ ಹಾಕಿ. ಒಂದು ಸಾಲು ಸಾಕು, ಜಾಸ್ತಿ ಜಾಗ ಬೇಡ.

– ನಿವೃತ್ತ ದೈಹಿಕ ಶಿಕ್ಷಕ, ತೀರ್ಥಹಳ್ಳಿ