ಫಲಿತಾಂಶದ ಪಕ್ಕ ಖಾಲಿ ಹುದ್ದೆಯನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಪತ್ರಿಕೆಗಳಲ್ಲಿ ಜಿಲ್ಲೆಗಳ ಪಟ್ಟಿ ಇರುತ್ತದೆ. 2025ರ ಪರೀಕ್ಷೆ-1ರಲ್ಲಿ, ಅಂದರೆ ಮಾರ್ಚ್‌ನ ಮೊದಲ ಪರೀಕ್ಷೆಯಲ್ಲಿ, ದಕ್ಷಿಣ ಕನ್ನಡ ಶೇ 91.12 ಪಡೆದು ಮೊದಲು, ಕಲಬುರಗಿ ಶೇ 42.43 ಪಡೆದು ಕೊನೆ. ಅದರ ಹಿಂದಿನ ವರ್ಷ ಕೊನೆಯಲ್ಲಿದ್ದದ್ದು ನಮ್ಮ ಯಾದಗಿರಿ. ಪಟ್ಟಿ ನೋಡಿ ‘ಆ ಕಡೆ ಮಕ್ಕಳು ಓದೋದೇ ಇಲ್ಲ’ ಅಂದುಬಿಡುವವರು ಜಾಸ್ತಿ. ಇದೇ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಆ ಮಾತು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಪರೀಕ್ಷಾ ಕೊಠಡಿಯನ್ನು ಕ್ಯಾಮೆರಾದಲ್ಲಿ ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ಬಗ್ಗೆ ನನ್ನ ತಕರಾರಿಲ್ಲ. 2024ರಲ್ಲಿ ಅದು ಬಂದ ಮೇಲೆ ನಕಲಿಗೆ ಕಡಿವಾಣ ಬಿತ್ತು, ಒಳ್ಳೆಯದೇ ಆಯಿತು. ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ! ಆ ಹೆಚ್ಚುವರಿ ಕೃಪಾಂಕ ಇಲ್ಲದ 2025ರಲ್ಲಿ 66.14ಕ್ಕೆ ಬಂತು. ಆದರೆ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದಷ್ಟು ಬೇಗ ಪಾಠದ ಕೊಠಡಿಗೆ ಮೇಷ್ಟ್ರು ಬರಲಿಲ್ಲ.

ನಮ್ಮ ತರಗತಿಯ ಒಬ್ಬ ಹುಡುಗಿಯ ನೋಟ್‌ಬುಕ್ ತೋರಿಸಬೇಕು ಅನ್ನಿಸುತ್ತದೆ. ಅಕ್ಷರ ಮುತ್ತಿನ ಹಾಗೆ. ನವೆಂಬರ್ 9ರವರೆಗೆ ಒಂದು ದಿನವೂ ತಪ್ಪಿಲ್ಲ. ಆಮೇಲಿನ ದಿನಾಂಕ ಜನವರಿ 18. ನಡುವೆ ಒಂಬತ್ತು ಹಾಳೆ ಖಾಲಿ. ‘ಗೆಳತಿ ಹತ್ರ ಬರ್ಕೊಳ್ಳೋಕೆ ಬಿಟ್ಟೀನಿ ಟೀಚರ್’ ಅಂದಳು. ಅಷ್ಟೂ ದಿನ ಅಮ್ಮನ ಜೊತೆ ಹತ್ತಿ ಬಿಡಿಸೋಕೆ ಹೋಗಿದ್ದಳು. ತಾಂಡಾದ ಮಗು, ಮನೆಯಲ್ಲಿ ಆಡುವುದು ಲಂಬಾಣಿ. ಬೇರೆ ಮಕ್ಕಳು ತ್ರಿಕೋನಮಿತಿ ಕಲಿತದ್ದು ಆ ಎರಡು ತಿಂಗಳಲ್ಲೇ. ಕಲಿತರು ಅನ್ನೋದಾದರೂ ಹೇಗೆ? ಆ ವರ್ಷ ನಮ್ಮಲ್ಲಿ ಗಣಿತದ ಹುದ್ದೆಯೇ ಖಾಲಿ. ಅತಿಥಿ ಶಿಕ್ಷಕರು ಬಂದದ್ದು ಆಗಸ್ಟ್‌ನಲ್ಲಿ, ಡಿಸೆಂಬರ್‌ನಲ್ಲಿ ಬೇರೆ ಕೆಲಸ ಸಿಕ್ಕಿ ಹೋದರು. ಆಮೇಲೆ ಗಣಿತದ ಪೀರಿಯಡ್ಡಿಗೂ ನಾನೇ ಹೋದೆ. ನನಗೆ ಬಂದಷ್ಟು ಹೇಳಿಕೊಟ್ಟೆ, ಅದು ಸಾಕಾಗಲಿಲ್ಲ.

ಮಾರ್ಚ್‌ನಲ್ಲಿ ಅವಳ ಮುಂದೆ ಬಂದದ್ದು ಮಂಗಳೂರಿನ ಮಗುವಿಗೆ ಬಂದ ಪ್ರಶ್ನೆಪತ್ರಿಕೆಯೇ. ಉಳಿದದ್ದೆಲ್ಲ ಪಾಸಾಗಿ ಗಣಿತದಲ್ಲಿ ಹೋಯಿತು. ಅಂಕಪಟ್ಟಿಯಲ್ಲಿ ಫೇಲ್ ಅಂತ ಬಿದ್ದದ್ದು ಅವಳ ಹೆಸರಿನ ಮುಂದೆ. ಮೇಷ್ಟ್ರಿಲ್ಲದ ತಿಂಗಳುಗಳ ಲೆಕ್ಕ ಅದರಲ್ಲಿ ಎಲ್ಲೂ ಇಲ್ಲ. ಫೇಲಾದವರು ಮತ್ತೆ ಬರೆಯೋಕೆ ಆಗ ಪರೀಕ್ಷೆ-2 ಇತ್ತು, ಪರೀಕ್ಷೆ-3 ಇತ್ತು, ನಿಜ. ಆದರೆ ಕಲಿಸುವವರೇ ಇಲ್ಲದಿದ್ದರೆ ಮೂರು ಸಲ ಬರೆದು ಏನು ಬಂತು? ಅಷ್ಟರಲ್ಲಿ ಮನೆಯವರು ಗಂಡು ನೋಡೋಕೆ ಶುರು ಮಾಡಿರುತ್ತಾರೆ. ಅವಳ ಮನೆಗೆ ನಾನು ಎರಡು ಸಲ ಹೋಗಿ ಬಂದೆ.

ಪ್ರಶ್ನೆಪತ್ರಿಕೆ ಸುಲಭ ಮಾಡಿ ಅಂತ ನಾನು ಕೇಳುತ್ತಿಲ್ಲ. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಹುದ್ದೆಗಳನ್ನು ಜೂನ್‌ಗೆ ಮೊದಲೇ ತುಂಬಲಿ. ಹತ್ತಿ, ಗುಳೆ ಅಂತ ಅಪ್ಪ ಅಮ್ಮ ಊರು ಬಿಡುವ ತಿಂಗಳುಗಳಲ್ಲಿ ಮಕ್ಕಳು ಇಲ್ಲೇ ಉಳಿದು ಓದುವ ಹಾಗೆ ಊಟ, ವಸತಿ ಸಿಗಲಿ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ವಿಧಿ ಬಂದು ಹತ್ತು ವರ್ಷದ ಮೇಲಾಯಿತು. ಇನ್ನೂ ಇದನ್ನೇ ಕೇಳಬೇಕಾ?

ನಿಮ್ಮಲ್ಲೂ ಒಂದು ಬೇಡಿಕೆ ಇದೆ. ಮುಂದಿನ ಸಲ ಜಿಲ್ಲೆಗಳ ಪಟ್ಟಿ ಹಾಕುವಾಗ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ. ಯಾವ ಜಿಲ್ಲೆಯಲ್ಲಿ ಎಷ್ಟು ಶಿಕ್ಷಕರ ಹುದ್ದೆ ಖಾಲಿ ಇತ್ತು, ಎಷ್ಟು ತಿಂಗಳು ಖಾಲಿ ಇತ್ತು ಅಂತ ಅದರಲ್ಲಿ ಬರಲಿ.

– ಒಬ್ಬ ಪ್ರೌಢಶಾಲಾ ಶಿಕ್ಷಕಿ, ಯಾದಗಿರಿ ಜಿಲ್ಲೆ